ರೆನೆಸಾನ್ಸ್ ಫೇರ್‌ಗೆ ಉಡುಪು ಹೊಲಿಯಬೇಕು, ಹತ್ತು ವಾರ ಇದೆ, ರಾಣಿಯಾಗುವ ಆಸೆ

ದಾರದುಂಡೆ, ಜುಲೈ 14

ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಊರು ಸಾಗರ. ಇಲ್ಲಿಗೆ ಹತ್ತಿರದ ಹಾಲಿಸ್ಟರ್ ಬಳಿ ಕಾಸಾ ಡಿ ಫ್ರೂಟಾ ಎಂಬಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನ ವಾರಾಂತ್ಯಗಳಲ್ಲಿ ರೆನೆಸಾನ್ಸ್ ಫೇರ್ ನಡೆಯುತ್ತದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನ ಜಾತ್ರೆಯೊಂದನ್ನು ಬಯಲಿನಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಕುದುರೆಯ ಮೇಲೆ ಈಟಿ ಕಾಳಗ, ಕಮ್ಮಾರನ ಕುಲುಮೆ, ಕೊಳಲು, ತಮಟೆ, ಸಾಲು ಸಾಲು ಅಂಗಡಿ. ನೋಡಲು ಬರುವವರಲ್ಲಿಯೂ ಬಹಳ ಮಂದಿ ಆ ಕಾಲದ ಉಡುಪಿನಲ್ಲೇ ಬರುತ್ತಾರೆ. ಕಳೆದ ವರ್ಷ ನಾನು ಜೀನ್ಸ್ ತೊಟ್ಟು ಹೋಗಿ, ಮನೆಯಲ್ಲಿ ಉಡುವ ಸೀರೆಯಲ್ಲೇ ಮದುವೆಗೆ ಹೋದವಳಂತೆ ಮುದುಡಿಕೊಂಡು ಬಂದೆ.

ಈ ಸಲ ನಾನೇ ಹೊಲಿದುಕೊಳ್ಳಬೇಕು. ಅಮ್ಮನಿಂದ ರವಿಕೆ ಹೊಲಿಯುವುದನ್ನು ಕಲಿತಿದ್ದೇನೆ, ಮಗಳ ಲಂಗಗಳೂ ನನ್ನ ಕೈಯವೇ. ಮನಸ್ಸಿನಲ್ಲಿರುವುದು ರಾಣಿಯ ಗೌನು: ದಾಳಿಂಬೆ ಬಣ್ಣದ ವೆಲ್ವೆಟ್, ಒಳಗೆ ಬಳೆ ಹಾಕಿದ ಫಾರ್ದಿಂಗೇಲ್ ಲಂಗ, ಕುತ್ತಿಗೆಗೆ ತಟ್ಟೆಯಂಥ ರಫ್ ಕಾಲರ್. ಪಾಲಿಯೆಸ್ಟರ್ ವೆಲ್ವೆಟ್ ಅಗ್ಗವಾಗಿ ಸಿಕ್ಕಿದೆ, 8 ಗಜ ತರಿಸಲಿದ್ದೇನೆ. ಎಲ್ಲಿಂದ ಶುರು ಮಾಡಲಿ? ಅಮ್ಮನ ಹಳೆಯ ಕಂಚಿ ಸೀರೆಯ ಅಂಚನ್ನು ಎಲ್ಲಾದರೂ ಸೇರಿಸಬಹುದೇ?

ಹಳೆಕತ್ತರಿ, ಜುಲೈ 14

ತರಿಸಬೇಡಿ. ಮೊದಲು ಆ ವೆಲ್ವೆಟ್ಟಿನ ಆರ್ಡರ್ ರದ್ದು ಮಾಡಿ, ಆಮೇಲೆ ಮುಂದೆ ಓದಿ.

ನಾನು ಟೆಕ್ಸಸ್‌ನಲ್ಲಿದ್ದೇನೆ. ಟಾಡ್ ಮಿಷನ್‌ನಲ್ಲಿ 1974ರಿಂದ ನಡೆಯುತ್ತಿರುವ ಉತ್ಸವಕ್ಕೆ ಹನ್ನೊಂದು ವರ್ಷಗಳಿಂದ ಹೋಗುತ್ತಿದ್ದೇನೆ. ಮೊದಲ ವರ್ಷ ನಾನೂ ನಿಮ್ಮ ಹಾಗೆ ರಾಣಿಯಾಗಿಯೇ ಹೊರಟವಳು. ಮಧ್ಯಾಹ್ನ ಒಂದಕ್ಕೆ ನೆರಳಿನಲ್ಲಿ ಮಲಗಿಸಿ ತಲೆಗೆ ನೀರು ತಟ್ಟಿದರು. ಪಾಲಿಯೆಸ್ಟರ್ ವೆಲ್ವೆಟ್ ತೊಡುವುದೆಂದರೆ ಪ್ಲಾಸ್ಟಿಕ್ ಚೀಲದೊಳಗೆ ಕೂತಂತೆ. ನಿಮ್ಮ ಕಾಸಾ ಡಿ ಫ್ರೂಟಾ ಸೆಪ್ಟೆಂಬರ್‌ನಲ್ಲಿ ಬಾಣಲೆ, ಜೊತೆಗೆ ಧೂಳು.

ಆ ಕಾಲದವರು ನಾರಿನ ಲಿನನ್ ಮತ್ತು ಕುರಿಯ ಉಣ್ಣೆ ತೊಟ್ಟರು. ಮೈಗೆ ತಗಲುವುದು ಲಿನನ್, ಅದರ ಮೇಲೆ ತೆಳು ಉಣ್ಣೆ. ಬೆವರನ್ನು ಲಿನನ್ ಹೀರುತ್ತದೆ, ಉಣ್ಣೆ ಗಾಳಿಯಾಡಲು ಬಿಡುತ್ತದೆ. ಕಂಬಳಿ ಹೊದ್ದು ಮಳೆಯಲ್ಲೂ ಬಿಸಿಲಲ್ಲೂ ಕುರಿ ಕಾಯುವವರನ್ನು ನೋಡಿ ಬೆಳೆದ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಶುರು ಮಾಡುವುದು ಒಳಗಿನಿಂದ. ಮೊದಲು ಸ್ಮಾಕ್, ಅಂದರೆ ಉದ್ದ ಒಳಅಂಗಿ. ಅದರ ಮೇಲೆ ಕರ್ಟಲ್, ಅಂದರೆ ಬಿಗಿ ಮೇಲ್ಭಾಗಕ್ಕೆ ಲಂಗ ಸೇರಿಸಿದ ಉಡುಪು. ಬೇರೆಯಾಗಿ ಕಟ್ಟಿಕೊಳ್ಳುವ ತೋಳುಗಳು. ಕುತ್ತಿಗೆ, ಎದೆ ಮುಚ್ಚಲು ಪಾರ್ಟ್ಲೆಟ್. ತಲೆಗೆ ಕಾಯಿಫ್ ಎಂಬ ಬಿಳಿ ಟೊಪ್ಪಿ, ಅದರ ಮೇಲೆ ಹುಲ್ಲಿನ ಹ್ಯಾಟು. ಇಷ್ಟಾದರೆ ವ್ಯಾಪಾರಿಯ ಹೆಂಡತಿ ಸಿದ್ಧ. ಮೇಲಿನದನ್ನು ಮೊದಲು ಹೊಲಿದು ಒಳಗಿನದನ್ನು ಆಮೇಲೆ ಹೊಲಿಯುವವರಿಗೆ ಯಾವುದೂ ಮೈಗೆ ಕೂರುವುದಿಲ್ಲ, ಏಕೆಂದರೆ ಒಳಗಿನದು ಅಳತೆಯನ್ನೇ ಬದಲಿಸುತ್ತದೆ.

ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಹೌಸ್ ಎಂಬ ಹಳೆಯ ಬಂಗಲೆಯಲ್ಲಿ ಲಂಡನ್ ಬಳಿಯ ಬರ್ಮಂಡ್ಸೆಯ ಹಬ್ಬದ ಚಿತ್ರವೊಂದಿದೆ, 1569ರ ಸುಮಾರಿನದು. ಅಡುಗೆ ಮಾಡುವವರು, ದೊಡ್ಡ ಕೇಕು ಹೊತ್ತವರು, ಪಿಟೀಲು ನುಡಿಸುವವರು ಎಲ್ಲರೂ ಅದರಲ್ಲಿದ್ದಾರೆ. ರಾಣಿಯ ಭಾವಚಿತ್ರ ಮುಚ್ಚಿಟ್ಟು ಅದನ್ನು ನೋಡಿ. ಇನ್ನೊಂದು ಮಾತು: 1574ರಲ್ಲಿ ಎಲಿಜಬೆತ್ ಹೊರಡಿಸಿದ ಆಜ್ಞೆಯಂತೆ ಯಾರು ಏನು ತೊಡಬೇಕೆಂಬುದು ಅಂತಸ್ತಿಗೆ ತಕ್ಕಂತೆ ನಿಗದಿಯಾಗಿತ್ತು. ನೇರಳೆ ರೇಷ್ಮೆ ಬಹುಮಟ್ಟಿಗೆ ರಾಜಮನೆತನಕ್ಕೇ ಮೀಸಲು. ನೀವು ಹಾಗೆ ಹೋದರೆ ಯಾರೂ ಹಿಡಿಯುವುದಿಲ್ಲ, ಆದರೆ ನಿಜವಾದ ರಾಣಿಯ ಪಾತ್ರಧಾರಿ ಪರಿವಾರದೊಂದಿಗೆ ಎದುರಾದಾಗ ನಿಮಗೇ ಮುಜುಗರ.

ಕಂಚಿ ಅಂಚಿನ ಬಗ್ಗೆ: ಬೇಡ. ಮಾವಿನಕಾಯಿ ಬುಟ್ಟಾವನ್ನು ಇಪ್ಪತ್ತು ಅಡಿ ದೂರದಿಂದ ಗುರುತಿಸಬಹುದು.

ಎಳೆಎಳೆ, ಜುಲೈ 15

ಅಂಚನ್ನು ಹೀಗೆ ಒಂದೇ ಏಟಿಗೆ ತಳ್ಳಿಹಾಕಬೇಡಿ ಅಕ್ಕ. ಲಂಗದ ಕೆಳ ಅಂಚಿಗೆ ಬೇರೆ ಬಟ್ಟೆಯ ಪಟ್ಟಿ ಹೊಲಿಯುವುದು ಆ ಕಾಲದಲ್ಲಿ ಬಹಳ ರೂಢಿಯಲ್ಲಿತ್ತು. ಬುಟ್ಟಾ ಇಲ್ಲದ, ಸಾದಾ ಗೆರೆಯ ಅಂಚಾದರೆ ಒಪ್ಪುತ್ತದೆ. ಮೈಸೂರು ಸಿಲ್ಕಿನ ಮೈ ಭಾಗ ಮಾತ್ರ ಖಂಡಿತ ಬೇಡ. ಅದು ಕ್ರೇಪ್, ನೀರಿನ ಹಾಗೆ ಇಳಿಯುತ್ತದೆ. 16ನೇ ಶತಮಾನದ ಚಿತ್ರಗಳಲ್ಲಿರುವ ಟಾಫೆಟಾ, ಸ್ಯಾಟಿನ್ ಹಾಕಿದಲ್ಲೇ ಸೆಟೆದು ನಿಲ್ಲುತ್ತವೆ.

ಹಾಗೂ ಯಂತ್ರ ಬಳಸುವಿರಾದರೆ ನನ್ನ ಮಟ್ಟಿಗೆ ಅದು ನಾಟಕದ ಉಡುಪೇ ಹೊರತು ಐತಿಹಾಸಿಕ ಉಡುಪಲ್ಲ. ಕೈಹೊಲಿಗೆಯ ಬಾಗು ಬಳುಕು ಯಂತ್ರಕ್ಕೆ ಬರುವುದಿಲ್ಲ.

ಹಳೆಕತ್ತರಿ, ಜುಲೈ 15

ಹತ್ತು ವಾರ, ಕೆಲಸ, ಮಗು, ಮನೆ. ಒಳಗಿನ ಉದ್ದ ಹೊಲಿಗೆಗಳು ಯಂತ್ರದಲ್ಲಿ, ಕಣ್ಣಿಗೆ ಕಾಣುವುದೆಲ್ಲ ಕೈಯಲ್ಲಿ. ಇದರ ಬಗ್ಗೆ ನಾವಿಬ್ಬರೂ ಹಿಂದೆಯೇ ನಲವತ್ತು ಉತ್ತರಗಳ ಜಗಳ ಆಡಿದ್ದೇವೆ, ಮತ್ತೆ ಬೇಡ.

ಜುಬ್ಬಾದಂಗಡಿ, ಜುಲೈ 16

ನಾನು ಧಾರವಾಡದಲ್ಲಿ ಮೂವತ್ತು ವರ್ಷ ಹೊಲಿಗೆ ಅಂಗಡಿ ಇಟ್ಟಿದ್ದವನು, ಈಗ ಮಗ ನೋಡಿಕೊಳ್ಳುತ್ತಾನೆ. ನಿಮ್ಮ ಫೇರ್ ನಾನು ಕಂಡಿಲ್ಲ. ಆದರೆ ಹಳೆಕತ್ತರಿ ಮೇಡಂ ಹೇಳಿದ ಸ್ಮಾಕಿನ ಚಿತ್ರ ಹುಡುಕಿ ನೋಡಿ ನಗು ಬಂತು. ಇದು ನಮ್ಮ ಹಳೆಯ ಜುಬ್ಬಾವೇ! ಎಲ್ಲವೂ ಚೌಕ ಮತ್ತು ತ್ರಿಕೋನ, ಕಂಕುಳಲ್ಲಿ ಒಂದು ಚೌಕ ತುಂಡು, ಬಗಲಲ್ಲಿ ಗೇರು ಕೊಡಲು ತ್ರಿಕೋನ. ಒಂದು ಚೂರೂ ವ್ಯರ್ಥವಾಗುವುದಿಲ್ಲ. ಬಟ್ಟೆ ತುಟ್ಟಿ, ಕೂಲಿ ಅಗ್ಗ ಇದ್ದ ಕಾಲದ ಕತ್ತರಿ ಎಲ್ಲ ದೇಶದಲ್ಲೂ ಒಂದೇ ರೀತಿ ಓಡಿದೆ.

ತಂಗಿ, ನಿಮ್ಮ ಎದೆ ಸುತ್ತಳತೆ 36 ಇಂಚು ಎಂದಿಟ್ಟುಕೊಂಡು ಹೇಳುತ್ತೇನೆ. ಮುಂದೆ ಒಂದು, ಹಿಂದೆ ಒಂದು, 22 ಇಂಚು ಅಗಲ. ಭುಜದಿಂದ ಮೊಣಕಾಲಿನ ಕೆಳಗಿನವರೆಗೆ 44 ಉದ್ದ. ತೋಳಿಗೆ 18 ಅಗಲ, 22 ಉದ್ದ. ಕಂಕುಳಿಗೆ 5 ಇಂಚಿನ ಚೌಕ ಎರಡು. ಬಗಲಿಗೆ ಸೊಂಟದಿಂದ ಕೆಳಗೆ, ಬುಡದಲ್ಲಿ 10 ಇಂಚು ಬರುವ ತ್ರಿಕೋನ ನಾಲ್ಕು. ಎರಡೆರಡನ್ನು ಜೋಡಿಸಿ ಒಂದೊಂದು ಬಗಲಿಗೆ. ಕಂಕುಳ ಚೌಕವನ್ನು ಮೂಲೆ ತಿರುಗಿಸಿ ವಜ್ರದ ಆಕಾರದಲ್ಲಿ ಕೂರಿಸಬೇಕು. ಆಗ ಅದು ಅಡ್ಡಕ್ಕೆ ಎಳೆಯುತ್ತದೆ, ಕೈ ಮೇಲೆತ್ತಿದರೂ ಅಂಗಿ ಮೇಲೇರುವುದಿಲ್ಲ. ಲಿನನ್ ಕುಗ್ಗುತ್ತದೆ, ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಎರಡು ಸಲ ಒಗೆದು ಇಸ್ತ್ರಿ ಮಾಡಿ. ಹೊಲಿಗೆಯ ಅಂಚುಗಳನ್ನು ಮಡಚಿ ಅದುಮಿ ಮತ್ತೊಂದು ಹೊಲಿಗೆ ಹಾಕಿ, ಎಳೆ ಬಿಡುವುದಿಲ್ಲ.

ಅವರು ಹೇಳುವ ಕಟ್ಟಿಕೊಳ್ಳುವ ತೋಳು, ಲಾಡಿ, ಇವೂ ನಮಗೆ ಹೊಸತಲ್ಲ. ನನ್ನ ಅಜ್ಜ ಬಾರಾಬಂದಿ ಕಟ್ಟುತ್ತಿದ್ದರು, ಗುಂಡಿಯೇ ಇರಲಿಲ್ಲ.

ಹಂಪಿಯ_ಹುಡುಗಿ, ಜುಲೈ 17

ನನ್ನದೊಂದು ತಕರಾರು. ರೆನೆಸಾನ್ಸ್ ಎಂದರೆ ಇಂಗ್ಲೆಂಡ್ ಮಾತ್ರವೇ? ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಹಂಪಿಯನ್ನು ಕಂಡು ಬರೆದದ್ದು 1520ರ ಸುಮಾರಿಗೆ. ಅದೇ 1520ರಲ್ಲಿ ರೋಮ್‌ನಲ್ಲಿ ಚಿತ್ರಕಾರ ರಫಾಯೆಲ್ ತೀರಿಕೊಂಡ. ಪಾಯೆಸ್ ಕಂಡ ಕೃಷ್ಣದೇವರಾಯ ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿ ಬಟ್ಟೆ ತೊಟ್ಟು, ತಲೆಗೆ ಜರತಾರಿಯ ಎತ್ತರದ ಕುಲ್ಲಾಯಿ ಇಟ್ಟು, ಬರಿಗಾಲಿನಲ್ಲಿದ್ದ. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಆ ಟೊಪ್ಪಿ, ಆ ಉದ್ದ ಅಂಗಿ ಸಾಲುಸಾಲಾಗಿ ಇವೆ. ಎಲಿಜಬೆತ್ ಪಟ್ಟಕ್ಕೆ ಬಂದದ್ದು 1558ರಲ್ಲಿ, ಆಗ ವಿಜಯನಗರ ಇನ್ನೂ ನಿಂತಿತ್ತು. ನಾವೇಕೆ ವ್ಯಾಪಾರಿಯ ಹೆಂಡತಿಯಾಗಬೇಕು, ವಿಜಯನಗರದವರೇ ಆಗಬಾರದೇ?

ಹಳೆಕತ್ತರಿ, ಜುಲೈ 17

ಆಗಬಾರದೆಂದು ಯಾರೂ ಹೇಳಿಲ್ಲ. ವಿಜಯನಗರದ ರಾಯಭಾರಿಯಾಗಿ ಯಾರಾದರೂ ಬಂದರೆ ನಾನೇ ದಾರಿ ಬಿಟ್ಟು ನಿಲ್ಲುತ್ತೇನೆ. ಆದರೆ ಅದನ್ನೂ ಅಷ್ಟೇ ಓದಿ ಹೊಲಿಯಬೇಕು. ಇಂದಿನ ಮದುವೆಯ ಶೇರ್ವಾನಿಗೆ ಪೇಟ ಸುತ್ತಿ ಕೃಷ್ಣದೇವರಾಯ ಎಂದರೆ ನನ್ನ ಮೊದಲ ವರ್ಷದ ಪಾಲಿಯೆಸ್ಟರ್ ರಾಣಿಗೂ ಅದಕ್ಕೂ ವ್ಯತ್ಯಾಸವಿಲ್ಲ.

ದಾರದುಂಡೆ, ಜುಲೈ 17

ಹಂಪಿಯ ಹುಡುಗಿಗೆ ಧನ್ಯವಾದ, ಮುಂದಿನ ವರ್ಷಕ್ಕೆ ಗಂಡನ ತಲೆಯ ಮೇಲೆ ಕುಲ್ಲಾಯಿ ಖಚಿತ. ಈ ವರ್ಷ ವ್ಯಾಪಾರಿಯ ಹೆಂಡತಿಯಾಗುತ್ತೇನೆ, ವೆಲ್ವೆಟ್ ರದ್ದಾಯಿತು. ರಫ್ ಮಾತ್ರ ಬಿಡಲಾರೆ.

ಗಂಜಿತೆಳಿ, ಜುಲೈ 18

ರಫ್ ಎಂದ ಕೂಡಲೇ ಬಂದೆ. ಅದು ಹುಟ್ಟಿದ್ದು ಅಂಗಿಯ ಕುತ್ತಿಗೆಪಟ್ಟಿಯ ಸಣ್ಣ ನೆರಿಗೆಯಾಗಿ. ತಟ್ಟೆಯಷ್ಟು ಅಗಲವಾದದ್ದು ಗಂಜಿ ಬಂದ ಮೇಲೆ. 1564ರಲ್ಲಿ ಫ್ಲಾಂಡರ್ಸ್‌ನಿಂದ ಲಂಡನ್ನಿಗೆ ಬಂದ ಒಬ್ಬ ಹೆಂಗಸು ಗಂಜಿ ಹಾಕುವುದನ್ನು ಕಲಿಸಲು ನಾಲ್ಕೈದು ಪೌಂಡ್ ಶುಲ್ಕ ಪಡೆಯುತ್ತಿದ್ದಳಂತೆ, ಗಂಜಿ ಕಾಯಿಸುವುದನ್ನು ಕಲಿಸಲು ಪ್ರತ್ಯೇಕ 20 ಶಿಲ್ಲಿಂಗ್. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ನನ್ನ ಅಜ್ಜಿ ಅಜ್ಜನ ಪಂಚೆಗೆ ಪ್ರತಿ ವಾರ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸ ಅದು!

ಮೊದಲ ಸಲಕ್ಕೆ ಒಂದೂವರೆ ಇಂಚಿನ ರಫ್ ಸಾಕು. ಒಂದೂವರೆ ಇಂಚಿನ ರಫ್ಫಿಗೂ ನಾಲ್ಕೈದು ಗಜ ಉದ್ದದ ತೆಳು ಲಿನನ್ ಪಟ್ಟಿ ಬೇಕು. ಒಂದು ಅಂಚನ್ನು ಸಣ್ಣದಾಗಿ ಮಡಚಿ ಹೆಮ್ಮಿಂಗ್ ಮಾಡಿ, ಇನ್ನೊಂದನ್ನು ಸಮ ಅಂತರದ ಎರಡು ಸಾಲು ಓಟದ ಹೊಲಿಗೆಯಲ್ಲಿ ಎಳೆದು ಕುತ್ತಿಗೆಪಟ್ಟಿಗೆ ಕೂರಿಸಿ. ಗಂಜಿಯಲ್ಲಿ ಅದ್ದಿ ಹಿಂಡಿ, ಅರೆ ಒಣಗಿದಾಗ ಬಿಸಿ ಕಡ್ಡಿ ತೂರಿಸಿ 8ರ ಆಕಾರದ ಸುರುಳಿಗಳನ್ನು ಮಾಡಬೇಕು. ಅವರದು ಗೋಧಿಯ ಗಂಜಿ. ಕೂದಲು ಸುರುಳಿ ಮಾಡುವ ಸಣ್ಣ ವಿದ್ಯುತ್ ಕಡ್ಡಿ ಇದ್ದರೆ ಅದೇ ಸಾಕು.

ದಾರದುಂಡೆ, ಆಗಸ್ಟ್ 9

ಸ್ಮಾಕ್ ಮುಗಿದಿದೆ. ಜುಬ್ಬಾದಂಗಡಿ ಅಣ್ಣ, ಕಂಕುಳ ಚೌಕ ಮೂರನೆಯ ಸಲಕ್ಕೆ ಸರಿಯಾಗಿ ಕೂತಿತು, ಎರಡು ಸಲ ಒಳಗೆ ಹೊರಗಾಯಿತು. ಈಗ ಅದನ್ನು ತೊಟ್ಟೇ ಮನೆಯಲ್ಲಿ ಮಲಗುತ್ತಿದ್ದೇನೆ, ಇಷ್ಟು ಹಿತವಾದ ರಾತ್ರಿಯಂಗಿ ಹಿಂದೆಂದೂ ತೊಟ್ಟಿರಲಿಲ್ಲ.

ಎರಡು ಗೋಳು. ಒಂದು, ಆನ್‌ಲೈನ್ ಅಂಗಡಿಯೊಂದರಿಂದ "ಶುದ್ಧ ಉಣ್ಣೆ" ಎಂದು ತರಿಸಿದ ಬಟ್ಟೆಯ ಎಳೆಗಳನ್ನು ಎಳೆದು ಬೆಂಕಿ ಹಚ್ಚಿ ನೋಡಿದೆ. ಕೂದಲು ಸುಟ್ಟ ವಾಸನೆ ಬರಬೇಕಿತ್ತು, ಬೂದಿ ಬೆರಳಲ್ಲಿ ಪುಡಿಯಾಗಬೇಕಿತ್ತು. ಬಂದದ್ದು ಪ್ಲಾಸ್ಟಿಕ್ಕಿನ ಕರಿ ಹೊಗೆ, ಉಳಿದದ್ದು ಸಾಸಿವೆಯಂಥ ಗಟ್ಟಿ ಮಣಿ. ವಾಪಸು ಕಳಿಸಿದ್ದೇನೆ. ರೇಷ್ಮೆ ಸೀರೆ ಕೊಳ್ಳುವಾಗ ಅಮ್ಮ ಮಾಡುತ್ತಿದ್ದ ಪರೀಕ್ಷೆ ಇಲ್ಲಿ ಹಣ ಉಳಿಸಿತು. ಈಗ ಮಂಜಿಟ್ಟಿ ಕೆಂಪಿನ ತೆಳು ಸೂಟಿಂಗ್ ಉಣ್ಣೆ ಬಂದಿದೆ, ಇದು ಕೂದಲಿನ ವಾಸನೆಯದೇ.

ಎರಡನೆಯದು, ಹಳೆಯ ಬೆಡ್‌ಶೀಟಿನಲ್ಲಿ ಮೇಲ್ಭಾಗದ ಮಾದರಿ ಹೊಲಿದು ನೋಡಿದೆ. ರವಿಕೆಯ ಅಭ್ಯಾಸದಲ್ಲಿ ಎದೆಗೆ ಟಕ್ಸ್ ಹಿಡಿದೆ. ಕನ್ನಡಿಯಲ್ಲಿ 1975ರ ಮದುಮಗಳು ಕಂಡಳು.

ಹಳೆಕತ್ತರಿ, ಆಗಸ್ಟ್ 9

ಟಕ್ಸ್ ಪೂರ್ತಿ ತೆಗೆಯಿರಿ. ಆ ಕಾಲದ ಎದೆ ಎರಡು ಬಟ್ಟಲಲ್ಲ, ಒಂದೇ ನಯವಾದ ಇಳಿಜಾರು. ರವಿಕೆ ಮೈಯ ಆಕಾರಕ್ಕೆ ಬಟ್ಟೆಯನ್ನು ಬಾಗಿಸುತ್ತದೆ, ಇದು ಬಟ್ಟೆಯ ಆಕಾರಕ್ಕೆ ಮೈಯನ್ನು ಹಿಡಿಯುತ್ತದೆ. ಆಕಾರ ಬರುವುದು ಬದಿಯ ಹೊಲಿಗೆಯಲ್ಲಿ, ಮುಂದಿನ ಅಂಚಿನ ಸಣ್ಣ ಬಾಗಿನಲ್ಲಿ. ಒಳಗೆ ಎರಡು ಪದರ ಗಟ್ಟಿ ಲಿನನ್ ಕ್ಯಾನ್ವಾಸ್ ಕೊಡಿ. ಲಾಡಿ ಎಳೆಯುವ ಮುನ್ನ ಮುಂದಿನ ಎರಡು ಅಂಚಿನ ನಡುವೆ 2 ಇಂಚು ಅಂತರ ಇರಲಿ. ದಿನವಿಡೀ ತೊಟ್ಟಾಗ ಬಟ್ಟೆ ಸಡಿಲಾಗಿ ತಾನೇ ಮುಚ್ಚಿಕೊಳ್ಳುತ್ತದೆ.

ಮುಂದಿನ ಅಂಚಿನುದ್ದಕ್ಕೆ ಒಂದೊಂದು ಗಟ್ಟಿ ಕಡ್ಡಿ ಬೇಕು. ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿ 1598ರ ಒಂದು ಒಳಕುಪ್ಪಸ ಉಳಿದಿದೆ, ಅದರ ಕೊಳವೆಗಳಲ್ಲಿ ತಿಮಿಂಗಿಲದ ಬಾಯಿಯ ಪಟ್ಟಿಗಳಿದ್ದವು. ನಮಗೆ ದಪ್ಪ ಕೇಬಲ್ ಟೈ ಸಾಕು, ತುದಿ ಕತ್ತರಿಸಿ ಉಗುರಿನ ಅರದಿಂದ ಉಜ್ಜಿ ಗುಂಡಗೆ ಮಾಡಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದು ನಿಮ್ಮ ಪಕ್ಕೆಲುಬಿನ ಲೆಕ್ಕ ತೆಗೆಯುತ್ತದೆ.

ದಾರದುಂಡೆ, ಆಗಸ್ಟ್ 30

ಅನಾಹುತ. ಲಾಡಿ ಪೋಣಿಸಲು ಮುಂಭಾಗಕ್ಕೆ ಲೋಹದ ಉಂಗುರ ಹೊಡೆಯೋಣ ಎಂದು ಬಟ್ಟೆಗೆ ತೂತು ಕೊರೆದು, ಹದಿನಾಲ್ಕು ಉಂಗುರ ಸುತ್ತಿಗೆಯಿಂದ ಬಡಿದೆ. ತೊಟ್ಟು ಎಳೆದಾಗ ಒಂದರ ಹಿಂದೆ ಒಂದು ಮೂರು ಕಿತ್ತು ಬಂದವು. ಹೊಸ ಉಣ್ಣೆಯಲ್ಲಿ ಬಾಯಿ ಬಿಟ್ಟ ತೂತುಗಳು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಎಳೆಎಳೆ, ಆಗಸ್ಟ್ 30

ಉಂಗುರ ಹೊಡೆಯುವಾಗ ಬಟ್ಟೆಯ ಎಳೆಗಳನ್ನೇ ಕತ್ತರಿಸಿಬಿಡುತ್ತೀರಿ. ಕತ್ತರಿಸಿದ ಎಳೆ ಏನನ್ನೂ ಹಿಡಿಯಲಾರದು. ಕೈಯಿಂದ ಮಾಡುವ ಕಣ್ಣಿನಲ್ಲಿ, ಅಂದರೆ ಲಾಡಿ ತೂರುವ ತೂತಿನಲ್ಲಿ, ಒಂದು ಎಳೆಯೂ ತುಂಡಾಗುವುದಿಲ್ಲ.

ಚಪ್ಪಲಿ ಹೊಲಿಯುವ ಆರಿ ಅಥವಾ ಮೊನಚಾದ ದಬ್ಬಣ ತೆಗೆದುಕೊಳ್ಳಿ. ಗುರುತಿನ ಮೇಲಿಟ್ಟು ನಿಧಾನವಾಗಿ ತಿರುಗಿಸುತ್ತ ಒತ್ತಿ, ಎಳೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಪೆನ್ಸಿಲ್ ಹೋಗುವಷ್ಟು ಅಗಲವಾದ ಮೇಲೆ, ಜೇನುಮೇಣ ಸವರಿದ ದಾರದಿಂದ ಸುತ್ತಲೂ ಹೊಲಿಯಿರಿ. ಸೂಜಿ ಕಣ್ಣಿನಿಂದ ಕೆಳಗಿಳಿದು, ಅಂಚಿನಿಂದ ಒಂದು ಗೋಧಿಯಷ್ಟು ದೂರ ಮೇಲೆ ಬರಬೇಕು. ಪ್ರತಿ ಹೊಲಿಗೆಯನ್ನೂ ಹೊರಮುಖವಾಗಿ ಎಳೆದು ಬಿಗಿ ಮಾಡಿ. ಐದಾರು ಹೊಲಿಗೆಗೊಮ್ಮೆ ಆರಿಯನ್ನು ಮತ್ತೆ ತೂರಿಸಿ, ಇಲ್ಲದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಇಪ್ಪತ್ತರಿಂದ ಇಪ್ಪತ್ತೈದು ಹೊಲಿಗೆಗೆ ಒಂದು ಕಣ್ಣು. ಮೊದಲನೆಯದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಹತ್ತನೆಯದಕ್ಕೆ ಎಂಟು ನಿಮಿಷ.

ಶೂ ಲೇಸಿನ ಹಾಗೆ ಅಡ್ಡಡ್ಡ ಪೋಣಿಸಬೇಡಿ. ಒಂದೇ ಲಾಡಿ, ಕೆಳಗೆ ಗಂಟು, ಒಂದು ಬದಿಯಿಂದ ಇನ್ನೊಂದಕ್ಕೆ ಸುರುಳಿಯಾಗಿ ಮೇಲೇರಬೇಕು. ಅದಕ್ಕಾಗಿ ಎರಡೂ ಬದಿಯ ಕಣ್ಣುಗಳು ಎದುರುಬದುರಾಗಿರದೆ ಅರ್ಧ ಅಂತರ ಜರುಗಿರಬೇಕು.

ಜುಬ್ಬಾದಂಗಡಿ, ಆಗಸ್ಟ್ 31

ಹರಿದ ಮುಂಭಾಗವನ್ನು ಎಸೆಯಬೇಡಿ ತಂಗಿ. ಅಂಚಿನಿಂದ ಒಂದೂವರೆ ಇಂಚು ಕತ್ತರಿಸಿ, ಉಳಿದ ಚೂರುಗಳಿಂದ ಹೊಸ ಪಟ್ಟಿ ಜೋಡಿಸಿ. ಜೋಡು ಕಾಣುತ್ತದೆ ಎಂಬ ಸಂಕೋಚ ಬೇಡ. ಮ್ಯಾಡ್ರಿಡ್‌ನಲ್ಲಿ 1580ರಲ್ಲಿ ಅಚ್ಚಾದ ಒಬ್ಬ ಸ್ಪೇನ್ ದರ್ಜಿಯ ಕೈಪಿಡಿಯ ಪುಟಗಳನ್ನು ಮಗ ಮೊಬೈಲ್‌ನಲ್ಲಿ ತೋರಿಸಿದ. ಭಾಷೆ ತಿಳಿಯದಿದ್ದರೂ ಕತ್ತರಿಯ ಗೆರೆ ತಿಳಿಯುತ್ತದೆ. ಬಟ್ಟೆ ಸಾಲದ ಕಡೆಯೆಲ್ಲ ಮೂಲೆಯ ಚೂರು ಜೋಡಿಸಿದ್ದಾನೆ, ದೊಡ್ಡವರ ಮನೆಯ ಉಡುಪಿಗೂ. ನನ್ನ ಅಂಗಡಿಯಲ್ಲಿ ಹೀಗೆ ಮಾಡಿದ್ದರೆ ಗಿರಾಕಿ ಬೈಯುತ್ತಿದ್ದರು.

ಹಳೆಕತ್ತರಿ, ಸೆಪ್ಟೆಂಬರ್ 6

ಅಣ್ಣ ಹೇಳಿದ್ದು ಸರಿ. ಲಂಗಕ್ಕೂ ಅದನ್ನೇ ಅನ್ವಯಿಸಿ, ಮೂರೂಕಾಲು ಗಜ ಸುತ್ತಳತೆಗೆ ಬಟ್ಟೆ ಸಾಲದಿದ್ದರೆ ಹಿಂದುಗಡೆ ಜೋಡಿಸಿ. ನೆರಿಗೆಗೆ ಅಂಚಿನ ಹತ್ತಿರ ಸಮಾನಾಂತರವಾಗಿ ಮೂರು ಸಾಲು ಓಟದ ಹೊಲಿಗೆ ಹಾಕಿ, ಮೂರರಲ್ಲೂ ಸೂಜಿ ಇಳಿಯುವ ಜಾಗ ಒಂದೇ ನೇರದಲ್ಲಿರಲಿ. ಮೂರೂ ದಾರವನ್ನು ಒಟ್ಟಿಗೆ ಎಳೆದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಕೂಡುತ್ತದೆ. ಪ್ರತಿ ಮಡಿಕೆಯ ತಲೆಯನ್ನು ಮೇಲ್ಭಾಗಕ್ಕೆ ಎರಡೆರಡು ಹೊಲಿಗೆಯಲ್ಲಿ ಕೂರಿಸಿ. ಉಣ್ಣೆ ತೆಳುವಾದ್ದರಿಂದ ಒಳಗೆ ಹಳೆಯ ಕಂಬಳಿಯ ಪಟ್ಟಿಯೊಂದನ್ನು ಮಡಚಿಟ್ಟರೆ ಸೊಂಟದಲ್ಲಿ ತುಂಬಿ ನಿಲ್ಲುತ್ತದೆ, ಫಾರ್ದಿಂಗೇಲ್ ನೆನಪೇ ಆಗುವುದಿಲ್ಲ. ಲಂಗದ ಅಂಚು ಕಣಕಾಲಿಗಿಂತ ಎರಡು ಇಂಚು ಮೇಲಿರಲಿ. ನೆಲ ಗುಡಿಸುವ ಲಂಗ ಕೆಲಸ ಮಾಡುವ ಹೆಂಗಸಿನದಲ್ಲ.

ದಾರದುಂಡೆ, ಸೆಪ್ಟೆಂಬರ್ 7

ಹೊಸ ಪಟ್ಟಿ ಜೋಡಿಸಿದೆ, ಇಪ್ಪತ್ತು ಕಣ್ಣುಗಳಾದವು. ಹೆಬ್ಬೆರಳು ಜರಡಿಯಾಗಿದೆ. ಗಂಡನೂ ಬರುತ್ತಾನಂತೆ, ಅವನಿಗೆ ಅತಿ ಕಡಿಮೆ ಕೆಲಸದಲ್ಲಿ ಏನಾದರೂ ಹೇಳಿ.

ಎಳೆಎಳೆ, ಸೆಪ್ಟೆಂಬರ್ 7

ಜುಬ್ಬಾದಂಥದೇ ಲಿನನ್ ಅಂಗಿ, ಮೊಣಕಾಲಿನವರೆಗಿನ ಸಡಿಲ ಚಡ್ಡಿ, ಉಣ್ಣೆಯ ಉದ್ದ ಕಾಲುಚೀಲ, ತಲೆಗೆ ಚಪ್ಪಟೆ ಉಣ್ಣೆಯ ಟೊಪ್ಪಿ. ಟೊಪ್ಪಿ ತಪ್ಪಿಸಬೇಡಿ. 1571ರ ಕಾನೂನಿನಂತೆ ಗಣ್ಯರನ್ನು ಬಿಟ್ಟು ಆರು ವರ್ಷ ದಾಟಿದವರೆಲ್ಲ ಭಾನುವಾರ, ಹಬ್ಬದ ದಿನ ಇಂಗ್ಲೆಂಡಿನಲ್ಲೇ ತಯಾರಾದ ಉಣ್ಣೆಯ ಟೊಪ್ಪಿ ತೊಡಬೇಕಿತ್ತು, ತಪ್ಪಿದರೆ 3 ಶಿಲ್ಲಿಂಗ್ 4 ಪೆನ್ಸ್ ದಂಡ. 1597ರಲ್ಲಿ ಅದು ರದ್ದಾಯಿತು. ಸೊಂಟಕ್ಕೆ ಕತ್ತಿ ಕಟ್ಟುವ ಆಸೆಯಿದ್ದರೆ ಒರೆಯಿಂದ ಹೊರಬಾರದಂತೆ ಬಾಗಿಲಲ್ಲೇ ಬಿಗಿದು ಕಟ್ಟುತ್ತಾರೆ, ಮೊದಲೇ ಹೇಳಿಬಿಡಿ.

ದಾರದುಂಡೆ, ಸೆಪ್ಟೆಂಬರ್ 28

ಹೋಗಿ ಬಂದೆವು. ನಿನ್ನೆ ಅಲ್ಲಿ ಬಿಸಿಲು ರಣ ರಣ. ಉಣ್ಣೆ ಸುಡಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ತಾಳಿಕೊಳ್ಳುವಂತಿತ್ತು. ಹನ್ನೊಂದು ಗಂಟೆಗೆ ತೋಳುಗಳ ಲಾಡಿ ಬಿಚ್ಚಿ ಚೀಲಕ್ಕೆ ಹಾಕಿದೆ, ಸ್ಮಾಕಿನ ಬಿಳಿ ತೋಳಷ್ಟೇ ಉಳಿಯಿತು, ಗಾಳಿ ಬೀಸಿದಾಗೆಲ್ಲ ಒದ್ದೆ ಲಿನನ್ ತಣ್ಣಗಾಗುತ್ತಿತ್ತು. ತಾಳಿ ಪಾರ್ಟ್ಲೆಟ್‌ನ ಒಳಗೆ ಸುರಕ್ಷಿತ. ಹೊಳೆಯುವ ವೆಲ್ವೆಟ್ ತೊಟ್ಟ ಇಬ್ಬರು ನೆರಳು ಹುಡುಕಿ ಬೀಸಣಿಗೆ ಹಿಡಿದು ಕೂತಿದ್ದರು. ಅವರಲ್ಲಿ ನಾನು ನನ್ನನ್ನೇ ಕಂಡೆ.

ರಫ್‌ನ ಕಥೆ: ಗಂಜಿತೆಳಿ ಅವರು ಗೋಧಿ ಎಂದಿದ್ದರೂ ನಾನು ಹಟ ಮಾಡಿ ಅಕ್ಕಿ ಗಂಜಿಯನ್ನೇ ಹಾಕಿದೆ. ಬೆಳಿಗ್ಗೆ ಒಂಬತ್ತಕ್ಕೆ ಸಂಡಿಗೆಯಂತೆ ಗರಿ ಗರಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬೆವರಿಗೆ ಸುರುಳಿಗಳೆಲ್ಲ ಸೋತು ನೆನೆದ ಹಪ್ಪಳವಾಯಿತು. ಕುತ್ತಿಗೆಗೆ ಅನ್ನದ ತೆಳಿ ಅಂಟಿ, ನೊಣ ಬಂದು ಕೂತವು. ತೆಗೆದು ಗಂಡನ ಟೊಪ್ಪಿಯೊಳಗೆ ಇಟ್ಟೆ.

ಅಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಹೆಂಗಸು, ಕೈಯಲ್ಲಿ ನೂಲುವ ಕದಿರು ಹಿಡಿದವಳು, ನನ್ನನ್ನು ನಿಲ್ಲಿಸಿದಳು. ಮುಖ ನೋಡಲಿಲ್ಲ. ನೇರ ಬಗ್ಗಿ ಎದೆಯ ಮೇಲಿನ ಜೋಡುಪಟ್ಟಿಯನ್ನು, ಕಣ್ಣುಗಳನ್ನು ನೋಡಿದಳು, ಒಂದು ಕಣ್ಣಿನ ಮೇಲೆ ಬೆರಳಿಟ್ಟು ಕೈಯಲ್ಲಿ ಹೊಲಿದದ್ದೇ ಎಂದು ಕೇಳಿದಳು. ಇಪ್ಪತ್ತೂ ಎಂದೆ. ತನ್ನ ಲಂಗವನ್ನು ತಿರುಗಿಸಿ ಹಿಂದುಗಡೆ ಜೋಡಿಸಿದ ಮೂರು ಚೂರುಗಳನ್ನು ತೋರಿಸಿದಳು.

ಈಗ ಒಂದು ಪ್ರಶ್ನೆ. ಕರ್ಟಲ್ ಮೊಣಕಾಲಿನವರೆಗೆ ಕೆಂಪು ಧೂಳು. ಯಂತ್ರಕ್ಕೆ ಹಾಕಬಹುದೇ?

ಜುಬ್ಬಾದಂಗಡಿ, ಸೆಪ್ಟೆಂಬರ್ 29

ದೇವರಾಣೆ ಬೇಡ, ಮಗಳ ಅಳತೆಗೆ ಬಂದುಬಿಡುತ್ತದೆ. ನೆರಳಿನಲ್ಲಿ ಎರಡು ದಿನ ತೂಗುಹಾಕಿ. ಧೂಳು ಪೂರ್ತಿ ಒಣಗಿದ ಮೇಲೆ ಗಟ್ಟಿ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿ, ಉದುರಿಹೋಗುತ್ತದೆ. ನೀರಿಗೆ ಹಾಕುವುದು ಸ್ಮಾಕ್ ಒಂದನ್ನೇ. ಬೆವರೆಲ್ಲ ಅದರಲ್ಲಿದೆ.